ಬಯೋನೆಟ್ ಮೇಲೆ 1907 ಅಂತಿದೆ, ಹಾಗಾದ್ರೆ ಅದು 1907ರದ್ದಾ?

ಪ್ರಶ್ನೆ: ಸರ್, ನಾನು ಹಾಸನದವನು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಮಾಡ್ತಿದೀನಿ. ಹೋದ ತಿಂಗಳು ಇಲ್ಲಿ ಜನ ಹಳೇ ಸಾಮಾನನ್ನ ಕಾರಿನ ಡಿಕ್ಕಿಯಲ್ಲಿಟ್ಟು ಮಾರೋ ಒಂದು ಕಾರ್ ಬೂಟ್ ಸೇಲ್‌ನಲ್ಲಿ ಹಳೇ ಬಯೋನೆಟ್, ಅಂದ್ರೆ ಬಂದೂಕದ ಮೂತಿಗೆ ಸಿಕ್ಕಿಸೋ ಸಂಗೀನು, ಸಿಕ್ತು, ಚರ್ಮದ ಒರೆ ಸಮೇತ ತಗೊಂಡೆ. ಮಾರಿದವರು ಇದು 1907ನೇ ಇಸವೀದು ಅಂದ್ರು. ಬ್ಲೇಡಿನ ಬುಡದಲ್ಲಿ ಒಂದು ಕಿರೀಟ, ಜಿ.ಆರ್., ಕೆಳಗೆ 1907, ಆಮೇಲೆ 11 '17, ಸ್ಯಾಂಡರ್ಸನ್ ಅಂತಿದೆ. ಹಿಂದುಗಡೆ ಬಾಣದ ಗುರುತು, ಒಂದು ಎಕ್ಸ್, ಸಣ್ಣ ಸಣ್ಣ ಕಿರೀಟಗಳು. ಫೋಟೋದಲ್ಲಿ ನೋಡಿದ ಕೆಲವು ಬಯೋನೆಟ್‌ಗೆ ಕೊಕ್ಕೆ ಇತ್ತು, ನನ್ನದಕ್ಕಿಲ್ಲ, ಯಾರಾದ್ರೂ ಕತ್ತರಿಸಿದಾರಾ? ಹಿಡಿ ತುದೀಲಿ ಒಂದು ತೂತು ಬೇರೆ ಇದೆ. ಅಲ್ಲೇ ಕಪ್ಪು ತುಕ್ಕಿನ ಕೆಳಗೆ ಏನೋ ಅಕ್ಷರ ಇದ್ದಂಗೆ ಕಾಣ್ತದೆ. ಎಮರಿ ಪೇಪರ್ ಹಾಕಿ ಉಜ್ಜಿ ಪಳಪಳ ಮಾಡಿ, ಊರಿಗೆ ಹೋಗುವಾಗ ತಗೊಂಡು ಹೋಗಿ ಅಪ್ಪನಿಗೆ ಕೊಡೋಣ ಅಂತಿದೀನಿ. ಅಪ್ಪ ಬೆಂಗಳೂರಿನ ಎಂಇಜಿಯಲ್ಲಿ, ಅಂದ್ರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ರು, ಟ್ರೈನಿಂಗ್‌ನಲ್ಲಿ ತ್ರೀ ನಾಟ್ ತ್ರೀ ಹಿಡಿದವರು. ಇದಕ್ಕೆ ಬೆಲೆ ಇದೆಯಾ, ಒರಿಜಿನಲ್ಲಾ?

ಉತ್ತರ: ಮೊದಲು ಆ ಎಮರಿ ಪೇಪರ್ ಕೆಳಗಿಡಿ. ಉಳಿದಿದ್ದೆಲ್ಲ ಆಮೇಲೆ ಮಾತಾಡೋಣ.

ನೀವು ಬರೆದಿರೋ ಗುರುತುಗಳನ್ನ ನೋಡಿದ್ರೆ ನಿಮ್ಮ ಹತ್ರ ಇರೋದು ಪ್ಯಾಟರ್ನ್ 1907 ಬಯೋನೆಟ್. ಬ್ಲೇಡ್ 17 ಇಂಚು, ಹಿಡಿ ಸೇರಿ ಹೆಚ್ಚುಕಮ್ಮಿ 55 ಸೆಂಟಿಮೀಟರ್, ತೂಕ ಅರ್ಧ ಕೇಜಿಗೆ ಸ್ವಲ್ಪ ಕಮ್ಮಿ. ಎಸ್‌ಎಂಎಲ್‌ಇ ಅಂತ ಕರೆಯೋ ಶಾರ್ಟ್ ಲೀ ಎನ್‌ಫೀಲ್ಡ್ ರೈಫಲ್‌ಗೆ, ಅಂದ್ರೆ ನಮ್ಮ ಕಡೆ ಪೊಲೀಸರ ಕೈಲಿ ನಾವೆಲ್ಲ ನೋಡಿರೋ ತ್ರೀ ನಾಟ್ ತ್ರೀಗೆ ಮಾಡಿದ್ದು. ಮಾರಿದವರು 1907ನೇ ಇಸವೀದು ಅಂದಿದ್ದು ಮಾತ್ರ ತಪ್ಪು, ಅವರೂ ಬೇಕಂತ ಹೇಳಿರಲಿಕ್ಕಿಲ್ಲ, ಹೊಸಬರು ಹತ್ತರಲ್ಲಿ ಒಂಬತ್ತು ಜನ ಹಂಗೇ ಓದೋದು. 1907 ಅನ್ನೋದು ಡಿಸೈನಿನ ಹೆಸರು ಅಷ್ಟೇ. 1918ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾಡಿದ ಬ್ಲೇಡ್ ಮೇಲೂ 1907 ಅಂತಲೇ ಇರತ್ತೆ. ಅದರ ಕೆಳಗಿರೋ 11 '17 ಇದೆಯಲ್ಲ, ಅದು ಹುಟ್ಟಿದ ತಿಂಗಳು ವರ್ಷ: 1917ರ ನವೆಂಬರ್. ಜಿ.ಆರ್. ಅಂದ್ರೆ ರಾಜ ಐದನೇ ಜಾರ್ಜ್. ಅವನ ಅಪ್ಪ ಎಡ್ವರ್ಡ್ ಕಾಲದ್ದಾಗಿದ್ರೆ ಇ.ಆರ್. ಅಂತ ಇರ್ತಿತ್ತು, ಅವನು ತೀರ್ಕೊಂಡಿದ್ದು 1910ರಲ್ಲಿ, ಈ ಬಯೋನೆಟ್ ಜಾರಿಗೆ ಬಂದಿದ್ದು 1908ರ ಜನವರಿಲಿ, ಹಂಗಾಗಿ ಇ.ಆರ್. ಇರೋ 1907 ಪ್ಯಾಟರ್ನ್ ಬ್ಲೇಡುಗಳು ಕಮ್ಮಿ, ಅದನ್ನ ಹುಡುಕ್ಕೊಂಡು ಅಲೆಯೋರಿದಾರೆ.

ಸ್ಯಾಂಡರ್ಸನ್ ಅಂದ್ರೆ ಶೆಫೀಲ್ಡಿನ ಸ್ಯಾಂಡರ್ಸನ್ ಬ್ರದರ್ಸ್ ಅಂಡ್ ನ್ಯೂಬೌಲ್ಡ್, ಸ್ಟೀಲು ಮತ್ತೆ ಗರಗಸದ ಕಂಪನಿ. ಆ ಊರಲ್ಲಿ ನಾನು ಹದಿನಾಲ್ಕು ವರ್ಷ ಇದ್ದೆ, ಸ್ಟೀಲ್ ಲ್ಯಾಬ್‌ನಲ್ಲಿ ಕೆಲಸ, ಬಯೋನೆಟ್ ಸಂಗ್ರಹಿಸೋ ಈ ಹುಚ್ಚು ಹಿಡಿದಿದ್ದೂ ಅಲ್ಲೇ. ಮೊದಲನೇ ಮಹಾಯುದ್ಧದ ಹೊತ್ತಲ್ಲಿ ಲಕ್ಷಗಟ್ಟಲೆ ಬಯೋನೆಟ್ ಬೇಕಾಗಿತ್ತು, ಕತ್ತಿ ಮಾಡೋರೊಬ್ಬರಿಂದ ಆಗ್ತಿರಲಿಲ್ಲ, ಹಂಗಾಗಿ ಗರಗಸ ಮಾಡೋರು, ಚಾಕು ಮಾಡೋರು ಎಲ್ಲ ಸೇರಿದ್ರು. ಅತಿ ಹೆಚ್ಚು ಮಾಡಿದ್ದು ವಿಲ್ಕಿನ್‌ಸನ್, ನಮ್ಮಪ್ಪನ ಕಾಲದವರು ಶೇವಿಂಗ್ ಬ್ಲೇಡಿನ ಹೆಸರಾಗಿ ನೆನಪಿಟ್ಕೊಂಡಿರೋ ಅದೇ ವಿಲ್ಕಿನ್‌ಸನ್ ಸ್ವೋರ್ಡ್. ಅದರ ನಂತರ ಸ್ಯಾಂಡರ್ಸನ್. ಆಮೇಲೆ ಶೆಫೀಲ್ಡಿನ ಚ್ಯಾಪ್‌ಮನ್, ಎನ್‌ಫೀಲ್ಡಿನ ಸರ್ಕಾರಿ ಫ್ಯಾಕ್ಟರಿ, ಅಮೆರಿಕದ ರೆಮಿಂಗ್ಟನ್, ಬರ್ಮಿಂಗ್‌ಹ್ಯಾಮಿನ ಮೋಲ್. ಎಲ್ಲಕ್ಕಿಂತ ಕಮ್ಮಿ ಮಾಡಿದ್ದು ವಿಕರ್ಸ್. ಅದೇ ಆಕಾರ ಅದೇ ಸ್ಟೀಲು, ಬುಡದಲ್ಲಿ ವಿಕರ್ಸ್ ಅಂತ ಇದ್ದಿದ್ದಕ್ಕೆ ನಿಮ್ಮದರ ಹಲವು ಪಟ್ಟು ಬೆಲೆ ಕೇಳ್ತಾರೆ. ನಿಮ್ಮದು ಈ ಲೆಕ್ಕದಲ್ಲಿ ಸಾಮಾನ್ಯದ್ದು, ಅದಕ್ಕೆ ಬೇಜಾರು ಮಾಡ್ಕೋಬೇಡಿ, ಸಾಮಾನ್ಯದ್ದರಲ್ಲೇ ನೋಡೋಕೆ ಬೇಕಾದಷ್ಟಿದೆ.

ಇಷ್ಟುದ್ದ ಯಾಕೆ ಅಂತ ಯೋಚನೆ ಮಾಡಿದೀರಾ? ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಹಳೇ ಲಾಂಗ್ ಲೀ ರೈಫಲ್‌ಗೆ 12 ಇಂಚಿನ ಎರಡಲುಗಿನ ಬಯೋನೆಟ್ ಇತ್ತು, ಪ್ಯಾಟರ್ನ್ 1888 ಅಂತ. ಆಮೇಲೆ ಬ್ರಿಟಿಷರು ಕುದುರೆಯವನಿಗೂ ಕಾಲಾಳಿಗೂ ಒಂದೇ ಬಂದೂಕ ಸಾಕು ಅಂತ ಹೇಳಿ ರೈಫಲ್‌ನ ನಳಿಗೆಯನ್ನ 30 ಇಂಚಿಂದ 25ಕ್ಕೆ ಇಳಿಸಿದ್ರು. 5 ಇಂಚು ಹೋಯ್ತು. ಆಗ ಸೇನೆಯಲ್ಲಿ ಗಾಬರಿ ಶುರುವಾಯ್ತು, ಎದುರಿನವನ ಬಂದೂಕ ಉದ್ದ ನಮ್ಮದು ಗಿಡ್ಡ, ತಿವಿಯೋಕೆ ಹೋದ್ರೆ ಮೊದಲು ನಮಗೇ ತಾಗತ್ತೆ ಅಂತ. ಅದೇ ಹೊತ್ತಲ್ಲಿ ರಷ್ಯಾ ಜಪಾನ್ ಯುದ್ಧ ಆಗಿತ್ತು, ಜಪಾನಿನವರ ಅರಿಸಾಕಾ ರೈಫಲ್ಲಿನ ಉದ್ದ ಬಯೋನೆಟ್ ಎಲ್ಲರ ಕಣ್ಣಿಗೆ ಬಿದ್ದಿತ್ತು, ಅದನ್ನ ನೋಡ್ಕೊಂಡೇ ಇದನ್ನ ಮಾಡಿದ್ರು. ಹೋದ 5 ಇಂಚನ್ನ ಬ್ಲೇಡಿಗೆ ಸೇರಿಸಿ, 12ಕ್ಕೆ 5 ಕೂಡಿಸಿದ್ರೆ 17. ನೀವು ಟೇಪ್ ಹಿಡಿದು ಅಳೆದು ನೋಡಿ, ಆ ಕೊನೇ 5 ಇಂಚು ಆ ಗಾಬರಿಯ ಅಳತೆ.

ಕೊಕ್ಕೆ ಬಂದಿದ್ದೂ ಜಪಾನಿನ ಆ ಮಾದರಿಯಿಂದಲೇ. ಹಿಡಿಗೂ ಬ್ಲೇಡಿಗೂ ನಡುವೆ ಇರೋ ಅಡ್ಡಪಟ್ಟಿಯ ಕೆಳತುದಿ ಮುಂದಕ್ಕೆ ಬಾಗಿರ್ತಿತ್ತು, ಎದುರಿನವನ ಅಲುಗನ್ನ ಸಿಕ್ಕಿಸಿ ತಿರುಚೋಕೆ ಅಂತ. ಕಾಗದದ ಮೇಲೆ ಚೆನ್ನಾಗೇ ಇತ್ತು, ಆದ್ರೆ ಬೇಲಿಗೆ, ಬಟ್ಟೆಗೆ, ಸಿಕ್ಕಸಿಕ್ಕಿದ್ದಕ್ಕೆಲ್ಲ ಸಿಕ್ಕಾಕ್ಕೊಳ್ತಿತ್ತು. 1913ರಲ್ಲಿ ಇನ್ಮುಂದೆ ಕೊಕ್ಕೆ ಬೇಡ ಅಂತ ತೀರ್ಮಾನ ಆಯ್ತು, ಹಳೇವು ರಿಪೇರಿಗೆ ಬಂದಾಗ ಕೊಕ್ಕೆ ಕತ್ತರಿಸಿ ಕಳಿಸ್ತಿದ್ರು. ನಿಮ್ಮದು 1917ರದ್ದು, ಅದು ಹುಟ್ಟಿದ್ದೇ ಕೊಕ್ಕೆ ಇಲ್ದೆ, ಯಾರೂ ಏನೂ ಕತ್ತರಿಸಿಲ್ಲ. ಕೊಕ್ಕೆ ಹಂಗೇ ಉಳ್ಕೊಂಡಿರೋವು ಕಮ್ಮಿ ಇರೋದ್ರಿಂದ ಅದಕ್ಕೆ ಬೆಲೆ ಜಾಸ್ತಿ, ಬೆಲೆ ಜಾಸ್ತಿ ಇರೋದ್ರಿಂದ ನಕಲಿಗಳೂ ಜಾಸ್ತಿ. ನಾನೇ ಒಂದ್ಸಲ ಮೋಸ ಹೋದೆ. ಯಾರು ಮಾರಿದ್ರು ಅನ್ನೋದು ಬೇಡ, ಒಂದು ಮೇಳದಲ್ಲಿ ಟೇಬಲ್ ಹಾಕ್ಕೊಂಡಿದ್ದೋರು. ಕೊಕ್ಕೆ ನೋಡಿ ತಲೆ ಕೆಟ್ಟು ಅರ್ಧ ತಿಂಗಳ ಸಂಬಳ ಕೊಟ್ಟೆ. ಮನೆಗೆ ಬಂದು ಟೇಬಲ್ ಲ್ಯಾಂಪ್‌ನ ಪಕ್ಕಕ್ಕೆ ಮಲಗಿಸಿ, ಭೂತಗನ್ನಡಿ ಹಿಡಿದು ನೋಡಿದ್ರೆ ಅಡ್ಡಪಟ್ಟಿ ಬಾಗೋ ಜಾಗದಲ್ಲಿ ಕೂದಲೆಳೆಯಷ್ಟು ಒಂದು ಗೆರೆ, ಅದರ ಆ ಕಡೆ ಲೋಹದ ಬಣ್ಣ ಒಂದು ಥರ, ಈ ಕಡೆ ಇನ್ನೊಂದು ಥರ. ಬೆಸುಗೆ ಹಾಕಿ ಉಜ್ಜಿ ಕಪ್ಪು ಮಾಡಿದ್ರು. ಆಮೇಲೆ ಬ್ಲೇಡಿನ ಬುಡ ಓದಿದ್ರೆ ತಾರೀಕು 1916! ತಾರೀಕು ಮೊದಲೇ ಓದಿದ್ರೆ ಗೆರೆ ಹುಡುಕೋದೇ ಬೇಕಾಗಿರಲಿಲ್ಲ, ಆ ಹೊತ್ತಿಗೆ ಕೊಕ್ಕೆ ನಿಂತು ಮೂರು ವರ್ಷ ಆಗಿತ್ತಲ್ಲ. ಅಲ್ಲಿಂದ ಮುಂದೆ ಯಾವ ಬಯೋನೆಟ್ ಕೈಗೆ ಬಂದ್ರೂ ಮೊದಲು ಬುಡ ಓದ್ತೀನಿ, ಆಕಾರ ಆಮೇಲೆ.

ಹಿಡಿ ತುದಿಯ ತೂತಿನ ವಿಷಯ. ಆ ಉಕ್ಕಿನ ತುದಿಗೆ ಪೊಮೆಲ್ ಅಂತಾರೆ. ಅದರ ಹಿಂಭಾಗದಲ್ಲಿ ಇಂಗ್ಲಿಷಿನ ಟೀ ಅಕ್ಷರದ ಥರ ಒಂದು ಸಂದು ಇದೆ ನೋಡಿ, ರೈಫಲ್‌ನ ಮೂತಿಯಲ್ಲಿರೋ ಗೂಟ ಅದರೊಳಗೆ ಜಾರಿ ಕೂತ್ಕೊಳತ್ತೆ, ಪಕ್ಕದ ಗುಂಡಿ ಒತ್ತಿದ್ರೆ ಬಿಡತ್ತೆ. ಫ್ರಾನ್ಸಿನ ಟ್ರೆಂಚುಗಳ ಕೆಸರು ಆ ಸಂದಿನೊಳಗೆ ಮೆತ್ಕೊಂಡು ಗಟ್ಟಿಯಾದ್ರೆ ಬಯೋನೆಟ್ ಕೂರ್ತಾನೇ ಇರಲಿಲ್ಲ. ಅದಕ್ಕೆ 1916ರಿಂದ ಕೆಸರು ತಳ್ಳಿ ಹೊರಗೆ ಹಾಕೋಕೆ ಅಂತ ಒಂದು ತೂತು ಕೊರೆದ್ರು, ಹಳೇವಕ್ಕೂ ಆಮೇಲೆ ಕೊರೆದ್ರು. ನಿಮ್ಮ 1917ರ ಬ್ಲೇಡಿಗೆ ತೂತು ಇರಲೇಬೇಕು, ಇದೆ, ಒಳ್ಳೇದು. ಅದು ಇಲ್ದೇ ಇದ್ದಿದ್ರೆ ನನಗೆ ಅನುಮಾನ ಬರ್ತಿತ್ತು. 1913ಕ್ಕಿಂತ ಮುಂಚಿನದಕ್ಕೆ ಕೊಕ್ಕೆ ಇದ್ದು, ತೂತು ಇಲ್ದೇ ಇದ್ರೆ ಮಾತ್ರ ಅದು ಫ್ಯಾಕ್ಟರಿಯಿಂದ ಬಂದಹಾಗೇ ಉಳಿದಿದೆ ಅಂತ ಅರ್ಥ, ಸಂಗ್ರಹ ಮಾಡೋರು ಕಣ್ಣಿಟ್ಟು ಕಾಯೋದು ಅಂಥದ್ದಕ್ಕೆ.

ಹಿಂದುಗಡೆಯ ಬಾಣ ನಮ್ಮ ಅಂಗಳದ ಮರಳಲ್ಲಿ ಹಕ್ಕಿ ಹೆಜ್ಜೆ ಬಿದ್ದಂಗೆ ಕಾಣತ್ತೆ, ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನೋ ಗುರುತು. ಅಂಥದೇ ಎರಡು ಬಾಣ ಮೂತಿಗೆ ಮೂತಿ ತಾಗಿಸ್ಕೊಂಡು ಎದುರುಬದುರು ಇದ್ರೆ ಸರ್ಕಾರ ಅದನ್ನ ಮಾರಿಬಿಟ್ಟಿದೆ ಅಂತ ಅರ್ಥ. ಸಣ್ಣ ಕಿರೀಟಗಳ ಕೆಳಗೆ ನಂಬರ್, ಅಕ್ಷರ ಇರತ್ತೆ, ಅವು ತಪಾಸಣೆ ಮಾಡಿದವರ ಮುದ್ರೆ. ಇನ್ನು ಆ ಎಕ್ಸ್, ಅದನ್ನ ಹಗುರವಾಗಿ ನೋಡ್ಬೇಡಿ. ಬ್ಲೇಡನ್ನ ಬಗ್ಗಿಸಿ, ಅದು ತಿರುಗಿ ನೆಟ್ಟಗಾಯ್ತು ಅಂತ ಪಾಸ್ ಮಾಡಿದ ಗುರುತು ಅದು. 1885ರಲ್ಲಿ ಸುಡಾನಿನ ಅಬು ಕ್ಲಿಯಾದಲ್ಲಿ ಕೈಕೈ ಕಾಳಗ ಆದಾಗ ಮಾರ್ಟಿನಿ ಹೆನ್ರಿ ರೈಫಲ್ಲಿನ ಬಯೋನೆಟ್‌ಗಳು ಬಾಗಿ ತಿರುಚ್ಕೊಂಡು ಹೋದ್ವು, ಸಿಪಾಯಿಗಳು ಸತ್ರು. ಲಂಡನ್ನಿನ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು, ವಿಚಾರಣೆ ಆಯ್ತು, ದಾಸ್ತಾನಿನಲ್ಲಿದ್ದ ಬಯೋನೆಟ್‌ಗಳನ್ನ ತೆಗೆದು ಪರೀಕ್ಷೆ ಮಾಡಿಸಿದ್ರು. ನಾನು ಸ್ಟೀಲಿನವನು, ಒಂದು ಬ್ಲೇಡ್ ಹದ ತಪ್ಪಿದ್ರೆ ಏನಾಗತ್ತೆ ಅಂತ ಗೊತ್ತು. ಜಾಸ್ತಿ ಗಡಸು ಮಾಡಿದ್ರೆ ಗಾಜಿನಂಗೆ ಮುರಿಯತ್ತೆ, ಕಮ್ಮಿ ಮಾಡಿದ್ರೆ ತಂತಿಯಂಗೆ ಬಾಗಿ ಅಲ್ಲೇ ನಿಲ್ಲತ್ತೆ, ನಡುವಿನ ಹದ ಸಿಕ್ಕಿದ್ರೆ ಮಾತ್ರ ಬಾಗಿ ವಾಪಸ್ ಬರತ್ತೆ. ಆ ಹದ ಸಿಕ್ಕಿದೆ ಅಂತ ಹೇಳೋ ಎರಡೇ ಗೀಟು ಆ ಎಕ್ಸ್.

ಬ್ಲೇಡಿನ ಉದ್ದಕ್ಕೂ ಇರೋ ಕಾಲುವೆ ರಕ್ತ ಹರಿಯೋಕೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ತೂಕ ಇಳಿಸಿ ಗಟ್ಟಿತನ ಉಳಿಸ್ಕೊಳ್ಳೋಕೆ ಮಾಡಿದ್ದು, ರೈಲು ಕಂಬಿ ನಡುವೆ ಸಣ್ಣ ಇರಲ್ವಾ, ಅದೇ ತತ್ವ.

ಈಗ ನಿಮ್ಮ ಎಮರಿ ಪೇಪರ್‌ಗೆ ಬರ್ತೀನಿ. ನನ್ನ ಮೊದಲನೇ ಬಯೋನೆಟ್ ಒಂದು ಚ್ಯಾಪ್‌ಮನ್, ಶೆಫೀಲ್ಡಿನಲ್ಲಿ ಒಬ್ಬ ಮುದುಕರ ಮನೆ ಖಾಲಿ ಮಾಡ್ತಿದ್ದಾಗ ಸಿಕ್ಕಿದ್ದು. ಪೊಮೆಲ್ ಮೇಲೆ ಕಪ್ಪು ಪದರ, ಅದರಡಿ ವೈ ಥರ ಒಂದು ಅಕ್ಷರ, ಸ್ವಲ್ಪ ಬಿಟ್ಟು ಎಲ್ ಇರಬಹುದು ಅನ್ನೋಹಂಗೆ ಒಂದು ಗೀಟು, ಮುಂದೆ ಅಂಕಿಗಳು. ನಾನು ಏನ್ಮಾಡ್ದೆ ಅಂದ್ರೆ ಒಂದು ಭಾನುವಾರ ಪೂರ್ತಿ ಕೂತು, ಮೊದಲು ಎಮರಿ ಪೇಪರ್, ಆಮೇಲೆ ಡ್ರಿಲ್ ಮಷಿನ್‌ಗೆ ಬಫಿಂಗ್ ಚಕ್ರ ಹಾಕಿ ತಿಕ್ಕಿದೆ. ಸಂಜೆ ಹೊತ್ತಿಗೆ ಕನ್ನಡಿ ಥರ ಹೊಳೀತಿತ್ತು, ಅಕ್ಷರ ಇರಲಿಲ್ಲ. ವೈ ಮತ್ತೆ ಎಲ್ ಅಂದ್ರೆ ಏನು ಅಂತ ತಿಳಿದಿದ್ದು ಮುಂದಿನ ವರ್ಷ: ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟ್. ಶೆಫೀಲ್ಡಿನ ಹುಡುಗರೆಲ್ಲ ಒಟ್ಟಿಗೆ ಸೇರಿದ 12ನೇ ಬೆಟಾಲಿಯನ್ ಅದೇ ರೆಜಿಮೆಂಟಿಂದು, ಆಫೀಸಿನ ಗುಮಾಸ್ತರು, ಮೇಷ್ಟ್ರುಗಳು, ಯೂನಿವರ್ಸಿಟಿ ವಿದ್ಯಾರ್ಥಿಗಳು, 1916ರ ಜುಲೈ 1ರ ಬೆಳಿಗ್ಗೆ ಫ್ರಾನ್ಸಿನ ಸೆರ್ ಅನ್ನೋ ಹಳ್ಳಿ ಮುಂದೆ ಮೆಷಿನ್‌ಗನ್ನಿಗೆ ಎದುರಾಗಿ ನಡೆದು ನೂರಾರು ಜನ ಬಿದ್ರು. ನನ್ನ ಬಯೋನೆಟ್ ಅಲ್ಲಿಗೆ ಹೋಗಿತ್ತಾ, ಬೇರೆ ಬೆಟಾಲಿಯನ್ನಿಂದಾ, ಆ ನಂಬರು ಏನು ಹೇಳ್ತಿತ್ತು, ಇನ್ನು ಯಾರಿಗೂ ಗೊತ್ತಾಗೋ ದಾರಿ ಇಲ್ಲ, ಯಾಕಂದ್ರೆ ಅದನ್ನ ಪುಡಿ ಮಾಡಿ ಗುಡಿಸಿ ಹಾಕಿದೋನು ನಾನೇ. ಇಪ್ಪತ್ತೆರಡು ವರ್ಷ ಆಯ್ತು, ಅದನ್ನ ಇವತ್ತಿಗೂ ಮಾರಿಲ್ಲ, ನನ್ನ ಮೇಜಿನ ಮೇಲೇ ಇದೆ.

ಹಂಗಾಗಿ ನಿಮ್ಮ ಪೊಮೆಲ್ ಮೇಲೆ ಅಕ್ಷರ ಇದ್ದಂಗಿದೆ ಅಂತ ನೀವು ಬರೆದಿದ್ದನ್ನ ಓದಿದ ಕೂಡ್ಲೇ ಎದೆ ಧಸಕ್ ಅಂತು. ಕಪ್ಪಗೆ ಗಟ್ಟಿಯಾಗಿ ಕೂತಿರೋ ಪದರ ಶತ್ರು ಅಲ್ಲ, ಅದು ಒಳಗಿನ ಲೋಹವನ್ನ ಕಾಪಾಡ್ತಿರೋದು, ಅದನ್ನ ಬಿಡಿ. ಕೆಂಪಗೆ ಪುಡಿಪುಡಿಯಾಗಿ ಬೆರಳಿಗೆ ಹತ್ತೋ ತುಕ್ಕು ಮಾತ್ರ ತೆಗೀಬೇಕು. ಅದಕ್ಕೆ ತೆಳು ಮಷಿನ್ ಎಣ್ಣೆ ಹಚ್ಚಿ ಎರಡು ಮೂರು ದಿನ ಬಿಡಿ, ಆಮೇಲೆ ಹಳೇ 2 ಪೆನ್ಸ್ ನಾಣ್ಯದ ಅಂಚಲ್ಲಿ ಮೆಲ್ಲಗೆ ಕೆರೀರಿ, ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳಲ್ಲ. 1992ರಿಂದ ಈಚೆಗಿನ ನಾಣ್ಯ ಒಳಗೆ ಉಕ್ಕು, ಮೇಲೆ ಮಾತ್ರ ತಾಮ್ರ, ಹಂಗಾಗಿ ಅಯಸ್ಕಾಂತ ಹಿಡಿದು ನೋಡಿ, ಅಂಟದೇ ಇರೋದನ್ನ ತಗೊಳ್ಳಿ. ಹುಣಸೆಹಣ್ಣು, ನಿಂಬೆಹಣ್ಣು ಹತ್ರನೂ ತರ್ಬೇಡಿ, ನಮ್ಮನೆಗಳಲ್ಲಿ ಹಿತ್ತಾಳೆ ದೀಪ ತಿಕ್ಕೋ ಅಭ್ಯಾಸ ಇರೋದ್ರಿಂದ ಹೇಳ್ತಿದೀನಿ, ಆ ಹುಳಿ ಉಕ್ಕನ್ನ ತಿಂದು ಬೂದು ಬಣ್ಣ ಮಾಡತ್ತೆ. ಕೊಬ್ಬರಿ ಎಣ್ಣೆನೂ ಬೇಡ, ಸ್ವಲ್ಪ ದಿನಕ್ಕೆ ಕಮಟು ಹಿಡಿದು ಅಂಟಂಟಾಗತ್ತೆ. ಮರದ ಹಿಡಿಗೆ ಒಂದು ಹನಿ ಅಗಸೆ ಎಣ್ಣೆ ಬೆರಳಲ್ಲಿ ಸವರಿ ಒರೆಸಿದ್ರೆ ಸಾಕು, ಹಿಡಿಯ ಎರಡು ಸ್ಕ್ರೂ ಬಿಚ್ಚೋಕೆ ಹೋಗ್ಬೇಡಿ, ತಲೆ ಕಿತ್ತುಹೋದ್ರೆ ಅದೂ ಒಂದು ಗಾಯ. ಅಲುಗನ್ನ ಸಾಣೆ ಹಿಡಿಸೋ ಯೋಚನೆ ಬಂದ್ರೆ ಅಲ್ಲೇ ಬಿಟ್ಬಿಡಿ.

ಇನ್ನೊಂದು ವಿಷಯ, ಬಯೋನೆಟ್‌ನ ಒರೆಯೊಳಗೇ ಇಟ್ಟು ಮರೀಬೇಡಿ. ಚರ್ಮ ಹದ ಮಾಡಿದಾಗಿನ ಹುಳಿ ಅದರೊಳಗೆ ಉಳಿದಿರತ್ತೆ, ಗಾಳಿಯ ತೇವ ಹೀರ್ಕೊಂಡು ಬ್ಲೇಡನ್ನ ಒಳಗಿಂದೊಳಗೇ ತಿನ್ನತ್ತೆ. ಎರಡನ್ನೂ ಪಕ್ಕಪಕ್ಕ ಬೇರೆ ಬೇರೆ ಇಡಿ. ಒರೆಯ ಹಿಂದಿನ ಹೊಲಿಗೆ ಬಿಟ್ಟಿಲ್ಲ, ಮೇಲಿನ ಮತ್ತೆ ಕೆಳಗಿನ ಉಕ್ಕಿನ ತೊಡಿಗೆಗಳು ಅಲ್ಲಾಡ್ತಿಲ್ಲ ಅಂದ್ರೆ ನೀವು ಅದೃಷ್ಟವಂತರು, ಬ್ಲೇಡ್‌ಗಳು ಉಳ್ಕೊಂಡಷ್ಟು ಚರ್ಮ ಉಳ್ಕೊಂಡಿಲ್ಲ.

ಊರಿಗೆ ತಗೊಂಡು ಹೋಗೋದು ಮಾತ್ರ ಬೇಡ. ಭಾರತದ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧ ಆಮದು ಮಾಡೋಕೆ ಲೈಸೆನ್ಸ್ ಬೇಕು, 2016ರ ಆರ್ಮ್ಸ್ ರೂಲ್ಸ್‌ನ ಪಟ್ಟಿಯಲ್ಲಿ ಕತ್ತಿ, ಭರ್ಜಿ ಜೊತೆಗೆ ಬಯೋನೆಟ್ ಅಂತ ಹೆಸರು ಹಿಡಿದೇ ಬರೆದಿದೆ, 9 ಇಂಚಿಗಿಂತ ಉದ್ದದ ಬ್ಲೇಡುಗಳ ಸಾಲಲ್ಲಿ. ನಿಮ್ಮದು 17. ಕಸ್ಟಮ್ಸ್‌ನಲ್ಲಿ ಕಿತ್ಕೊಂಡ್ರೆ ಬಯೋನೆಟ್ಟೂ ಹೋಯ್ತು, ನಿಮ್ಮ ರಜೆನೂ ಹೋಯ್ತು. ಇಂಗ್ಲೆಂಡಿನಲ್ಲಿ ಮನೇಲಿಟ್ಕೊಳ್ಳೋಕೆ ತೊಂದರೆ ಇಲ್ಲ, ಆದ್ರೆ ಸರಿಯಾದ ಕಾರಣ ಇಲ್ದೆ ಹೊರಗೆ ಹಿಡ್ಕೊಂಡು ಓಡಾಡೋದು ಅಪರಾಧ. ಎಲ್ಲಿಗಾದ್ರೂ ಒಯ್ಯೋದಿದ್ರೆ ಬಟ್ಟೆ ಸುತ್ತಿ, ಪೆಟ್ಟಿಗೆಲಿಟ್ಟು, ಕಾರಿನ ಡಿಕ್ಕಿಯಲ್ಲಿಡಿ.

ಅಪ್ಪನಿಗೆ ದೊಡ್ಡ ಫೋಟೋಗಳನ್ನ ತೋರಿಸಿ. ಅವರು ನೋಡಿದ ಕೂಡ್ಲೇ ಇಷ್ಟುದ್ದ ಇರಲಿಲ್ವಲ್ಲೋ ನಮ್ಮದು ಅನ್ನಬಹುದು, ಅವರು ಹೇಳೋದೂ ಸರಿ. ಎರಡನೇ ಮಹಾಯುದ್ಧದಲ್ಲಿ ಕಲ್ಕತ್ತಾ ಹತ್ರದ ಇಶಾಪುರ ರೈಫಲ್ ಫ್ಯಾಕ್ಟರಿಯಲ್ಲಿ ಈ 17 ಇಂಚಿನವನ್ನೇ 12ಕ್ಕೆ ಕತ್ತರಿಸಿ ತುದಿ ಚೂಪು ಮಾಡಿದ್ರು, ಆಮೇಲೆ ಹೊಸದಾಗೇ 12 ಇಂಚಿಂದು ಮಾಡೋಕೆ ಶುರುಮಾಡಿದ್ರು. ನಮ್ಮ ಸೈನ್ಯದಲ್ಲಿ ತ್ರೀ ನಾಟ್ ತ್ರೀ ಜೊತೆ ಜಾಸ್ತಿ ಓಡಾಡಿದ್ದು ಆ ಗಿಡ್ಡ ಸಂಗೀನು. ಕತ್ತರಿಸಿದವನ್ನ ಗುರುತು ಹಿಡಿಯೋದು ಸುಲಭ, ಬ್ಲೇಡಿನ ಕಾಲುವೆ ತುದಿವರೆಗೂ ಓಡ್ಹೋಗಿ ತಟ್ ಅಂತ ನಿಂತುಬಿಟ್ಟಿರತ್ತೆ. ಬುಡದಲ್ಲಿ ಸಾಮಾನ್ಯವಾಗಿ ಆರ್.ಎಫ್.ಐ., ಅಂದ್ರೆ ರೈಫಲ್ ಫ್ಯಾಕ್ಟರಿ ಇಶಾಪುರ, ಅಂತ ಇರತ್ತೆ. ಇಂಗ್ಲೆಂಡಿನಲ್ಲಿ ಇವನ್ನ ಇನ್ನೂ ಕಡೆಗಣಿಸ್ತಾರೆ, ಕಮ್ಮಿ ಬೆಲೆಗೆ ಸಿಗತ್ತೆ. ಮುಂದಿನದು ತಗೊಳ್ಳೋದಾದ್ರೆ ಅದನ್ನೇ ತಗೊಳ್ಳಿ ಅಂತ ನನ್ನ ಅಭಿಪ್ರಾಯ, ನಿಮ್ಮ ಉದ್ದದ್ದರ ಪಕ್ಕ ಇಟ್ಟರೆ ಅಪ್ಪನಿಗೆ ಹೇಳೋಕೆ ಕಥೆನೂ ಇರತ್ತೆ. ದುಡ್ಡು ಕಮ್ಮಿ ಇದ್ರೆ ಶಾರ್ಟ್ ಲೀ ನಂತರ ಬಂದ ನಂಬರ್ 4 ರೈಫಲ್ಲಿನ ಮೊಳೆಯಂಥ ಬಯೋನೆಟ್ ನೋಡಿ, 8 ಇಂಚಿನ ಬರೀ ಒಂದು ಚೂಪು ಸರಳು. ಅದರಲ್ಲಿ ಮೊದಲನೇ ಮಾದರಿ ಅಡ್ಡ ಕೊಯ್ದು ನೋಡಿದ್ರೆ ಪ್ಲಸ್ ಆಕಾರ, ಅದನ್ನ ಮಾಡಿದ್ದು ಸ್ಕಾಟ್ಲೆಂಡಿನ ಸಿಂಗರ್ ಫ್ಯಾಕ್ಟರಿ, ನಮ್ಮ ಅಜ್ಜಿಯರ ಹೊಲಿಗೆ ಮಷಿನ್ ಮೇಲೆ ಚಿನ್ನದ ಅಕ್ಷರದಲ್ಲಿ ಇರ್ತಿತ್ತಲ್ಲ ಅದೇ ಸಿಂಗರ್. ಆಮೇಲಿನ ದುಂಡು ಸರಳಿನವು ರಾಶಿಗಟ್ಟಲೆ ಸಿಗ್ತವೆ, ಪ್ಲಸ್ ಆಕಾರದ್ದು ಸಿಕ್ಕಿದ್ರೆ ಬಿಡ್ಬೇಡಿ.

ನಿಮ್ಮದು ಒರಿಜಿನಲ್ಲಾ ಅಂತ ಕೇಳಿದ್ರಿ. ನೀವು ಬರೆದಿದ್ದು ಒಂದಕ್ಕೊಂದು ಹೊಂದ್ಕೊಳತ್ತೆ, ತಾರೀಕಿಗೆ ತಕ್ಕಂಗೆ ಕೊಕ್ಕೆ ಇಲ್ಲ, ತಾರೀಕಿಗೆ ತಕ್ಕಂಗೆ ತೂತಿದೆ, ಕಂಪನಿ ಹೆಸರೂ ಸರಿ, ಹಿಂದಿನ ಮುದ್ರೆಗಳೂ ಸರಿ. ಬೆಲೆಯನ್ನ ಈಗ ಹೇಳಲ್ಲ, ಯಾಕಂದ್ರೆ ಅದು ಪೊಮೆಲ್ ಮೇಲೆ ಏನಿದೆ ಅನ್ನೋದರ ಮೇಲೆ ನಿಂತಿದೆ, ಯುದ್ಧದ ನಡುವೆ ಹುಟ್ಟಿದ ಬಯೋನೆಟ್‌ಗಳಲ್ಲಿ ಎಷ್ಟೋವಕ್ಕೆ ರೆಜಿಮೆಂಟಿನ ಗುರುತು ಹೊಡೆಯೋಕೆ ಯಾರಿಗೂ ಪುರುಸೊತ್ತೇ ಇರಲಿಲ್ಲ, ಇದ್ರೆ ಅದೇ ವಿಶೇಷ. ಹಿಂಗ್ಮಾಡಿ: ರಾತ್ರಿ ರೂಮಿನ ಲೈಟ್ ಆರಿಸಿ, ಬಯೋನೆಟ್‌ನ ಟವಲ್ ಮೇಲೆ ಮಲಗಿಸಿ, ಟಾರ್ಚ್‌ನ ಪೊಮೆಲ್ಲಿನ ಪಕ್ಕಕ್ಕೆ ಹೆಚ್ಚುಕಮ್ಮಿ ಟೇಬಲ್ಲಿಗೆ ತಾಗೋಹಂಗೆ ಇಟ್ಟು ಓರೆಯಾಗಿ ಬೆಳಕು ಬಿಡಿ. ತುಕ್ಕಿನ ಕೆಳಗಿನ ಅಕ್ಷರದ ಗುಂಡಿಗಳಿಗೆ ನೆರಳು ಬೀಳತ್ತೆ. ಟಾರ್ಚ್‌ನ ನಾಲ್ಕೂ ದಿಕ್ಕಿಗೆ ತಿರುಗಿಸಿ ನಾಲ್ಕು ಫೋಟೋ ತೆಗೀರಿ, ಫ್ಲಾಶ್ ಬೇಡ, ಒರೆಸೋದೂ ಬೇಡ, ಹಂಗೇ ಕಳಿಸಿ. ನಾನು ಓದ್ತೀನಿ.